ಹದಿನೇಳನೇ ನಂಬರಿನ ಓತಿಕ್ಯಾತ

ಹದಿನೇಳನೇ ನಂಬರು ಸತ್ತ ಸುದ್ದಿ ನನಗೆ ಗೊತ್ತಾಗಿದ್ದು ಕಳೆದ ಮಂಗಳವಾರ. ಅದು ಸತ್ತು ಹನ್ನೊಂದು ವರ್ಷ ಆಗಿತ್ತು.

ಗಾಬರಿ ಬೇಡ, ಸತ್ತಿದ್ದು ಮನುಷ್ಯನಲ್ಲ. ಒಂದು ಓತಿಕ್ಯಾತ. ಬಾಲ ಸೇರಿಸಿ ಅಳೆದರೂ ಗೇಣುದ್ದ. ಆದರೆ ನನ್ನ ಪಿಎಚ್‌ಡಿ, ನನ್ನ ನೌಕರಿ, ಸಭೆಗಳಲ್ಲಿ ನನಗೆ ಹೊದಿಸಿದ ಶಾಲುಗಳು, ಎಲ್ಲಾ ನಿಂತಿದ್ದು ಆ ಗೇಣುದ್ದದ ಜೀವಿ ಮೂರು ಬೇಸಿಗೆ ಬದುಕಿತ್ತು ಅನ್ನುವ ಒಂದೇ ಮಾತಿನ ಮೇಲೆ. ಈಗ ಹೇಳಿ, ಗಾಬರಿ ಆಗಬೇಕೋ ಬೇಡವೋ?

ಈ ಅಂಕಣ ಓದುವವರಿಗೆ ನನ್ನ ಕಸುಬು ಗೊತ್ತು. ಹಾವು, ಹಲ್ಲಿ, ಕಪ್ಪೆ, ಆಮೆ. ಇವು ಎಲ್ಲಿರುತ್ತವೆ, ಏನು ತಿನ್ನುತ್ತವೆ, ಎಷ್ಟು ದಿನ ಬದುಕುತ್ತವೆ, ಯುಗಯುಗಗಳಲ್ಲಿ ಹೇಗೆ ಬದಲಾಗಿ ಬಂದಿವೆ ಅಂತ ನೋಡೋದು. ಹಡಗಲಿ ಕಡೆಯ ಕೆರೆ ಅಂಗಳಗಳಲ್ಲಿ ಮೊದಲ ಮಳೆಗೆ ನೆಲದೊಳಗಿಂದ ಏಳುವ ಕಪ್ಪೆಗಳ ಹಿಂದೆ ಎರಡು ವರ್ಷ ಓಡಾಡಿದ್ದೇನೆ. ಹಲವಾಗಲಿನ ಹೊಳೆ ದಂಡೆಯಲ್ಲಿ ಆಮೆ ಎಣಿಸಿದ್ದೇನೆ. ತಂಬ್ರಹಳ್ಳಿ ಕಡೆಯ ರೈತರು ಈಗಲೂ ಫೋನ್ ಮಾಡಿ 'ಮೇಡಂ, ಕಬ್ಬಿನಾಗ ನಾಗಪ್ಪ ಅದಾನ, ಬರ್ರಿ' ಅಂತಾರೆ. (ನಾನು ಹಾವು ಹಿಡಿಯುವವಳಲ್ಲ, ಹಾವಿನ ಬಗ್ಗೆ ಓದಿದವಳು ಅಂದರೆ ಯಾರೂ ಒಪ್ಪೋದಿಲ್ಲ. 'ಓದೋದು ಆಮ್ಯಾಲೆ ಓದ್ರಿ, ಮೊದಲ ಹಿಡೀರಿ' ಅಂತಾರೆ.)

ನಮ್ಮದು ಕೊಟ್ಟೂರು. ಅಪ್ಪನದು ಬಟ್ಟೆ ಅಂಗಡಿ. ವಿಭೂತಿ ಹಚ್ಚದೆ ಹೊಸ್ತಿಲು ದಾಟದ ಮನೆ. ಮಗಳು ಎಂ.ಎಸ್ಸಿ. ಮುಗಿಸಿ ಓತಿಕ್ಯಾತದ ಮೇಲೆ ರಿಸರ್ಚ್ ಮಾಡುತ್ತಾಳೆ ಅಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

'ಗಂಡಿನ ಕಡೆಯವರು ಕೇಳಿದರ ಏನಂತ ಹೇಳಲಿ?'

'ಪ್ರಾಣಿಶಾಸ್ತ್ರ ಅನ್ರಿ' ಅಂದೆ. ಅಪ್ಪ ಹಾಗೇ ಹೇಳಿದರು. ನೋಡಲು ಬಂದವರು ನನ್ನನ್ನು ದನದ ಡಾಕ್ಟ್ರು ಅಂತ ತಿಳಿದು, ಹಾಲು ಇಳಿಸದ ಎಮ್ಮೆಗೆ ಏನು ಕೊಡಬೇಕು ಅಂತ ಕೇಳಿಕೊಂಡು ಹೋದರು.

ಇರಲಿ. ಹದಿನೇಳಕ್ಕೆ ಬರೋಣ.

ಹನ್ನೊಂದು ಹನ್ನೆರಡು ವರ್ಷದ ಹಿಂದಿನ ಮಾತು. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ಕಡೆ ಒಂದು ಹಳ್ಳಿ. (ಹೆಸರು ಹೇಳೋದಿಲ್ಲ. ಹೇಳಿದರೆ ನಾಳೆಯೇ ಯಾರಾದರೂ ಚೀಲ ಹಿಡಿದುಕೊಂಡು ಹೋಗುತ್ತಾರೆ.) ಕಲ್ಲು, ಮುಳ್ಳು, ನಡುನಡುವೆ ಶೇಂಗಾ ಹೊಲ. ಅಲ್ಲಿ ಒಂದು ಜಾತಿಯ ಓತಿಕ್ಯಾತ ಇದೆ. ಬೇಸಿಗೆ ಬಂತೆಂದರೆ ಗಂಡುಗಳು ಒಂದೊಂದು ಕಲ್ಲು ಹಿಡಿದು ಕೂತು, ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆ ಹಾಗೆ ಬಿಚ್ಚಿ ಮಡಚುತ್ತವೆ. ನೀಲಿ, ಕಪ್ಪು, ಕೆಂಪು. 'ಈ ಕಲ್ಲು ನಂದು' ಅಂತ ಬೇರೆ ಗಂಡುಗಳಿಗೆ, 'ಇಲ್ಲಿ ನೋಡು' ಅಂತ ಹೆಣ್ಣುಗಳಿಗೆ.

ಇಷ್ಟೆಲ್ಲ ಡೌಲು ಮಾಡುವ ಪ್ರಾಣಿಗೆ ಆಯುಷ್ಯ ಮಾತ್ರ ಕಡಿಮೆ. ಒಂದು ಮಳೆಗಾಲದಲ್ಲಿ ಹುಟ್ಟಿದ್ದು ಮುಂದಿನ ಮಳೆಗಾಲ ದಾಟಿದರೆ ಅದೇ ದೊಡ್ಡದು ಅಂತ ನಮ್ಮವರ ಅಂದಾಜು. ಅಂದಾಜು ಸಾಕೇ? ನಿಜವಾಗಿ ಎಷ್ಟು ದಿನ ಬದುಕುತ್ತವೆ ಅಂತ ಕೂತು ನೋಡಬೇಕು. ಅದೇ ನನ್ನ ಪಿಎಚ್‌ಡಿ.

ನೋಡಬೇಕಾದರೆ ಒಂದೊಂದಕ್ಕೂ ಗುರುತು ಬೇಕು. ಆಗಿನ ರೂಢಿ ಅಂದರೆ ಕಾಲ್ಬೆರಳ ತುದಿ ಕತ್ತರಿಸೋದು. ಇಂಥ ಬೆರಳು ಇಲ್ಲದ್ದು ಇಂಥ ನಂಬರು. ಮೊದಲ ದಿನ ನಾನು ಕತ್ತರಿ ತೆಗೆದದ್ದೇ ತಡ, ಬದುವಿನ ಮೇಲಿಂದ ಒಂದು ದನಿ ಬಂತು.

'ಏನ್ ಮಾಡಾಕ ಹತ್ತೀರಿ?'

ಹೊಲದ ಒಡತಿ ಹನುಮಕ್ಕ. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವಳು. ಎರಡೆಕರೆ ಶೇಂಗಾ, ನಾಲ್ಕು ಕುರಿ, ಶಾಲೆಗೆ ಹೋಗುವ ಒಬ್ಬ ಮಗ. ಗಂಡ ತೀರಿಕೊಂಡು ಬಹಳ ವರ್ಷ. ನಾನು ಬೆರಳಿನ ವಿಷಯ, ನಂಬರಿನ ವಿಷಯ ಎಲ್ಲ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

'ನಿಮ್ಮ ಬಟ್ಟು ಕತ್ತರಿಸಿ ನಾನು ನಂಬರ್ ಕೊಡ್ತೀನಿ, ಆದೀತೇನ್ರಿ?' ಅಂದಳು. 'ಇದನ್ನ ಮಾಡಾದಿದ್ದರ ನಮ್ ಹೊಲದಾಗ ಕಾಲಿಡಬ್ಯಾಡ್ರಿ.'

ಬೆರಳು ಬಿಟ್ಟು ಬಣ್ಣಕ್ಕೆ ಬಂದೆ. ನೇಲ್ ಪಾಲಿಶ್. ಕೊಟ್ಟೂರಿನ ಬಳೆ ಅಂಗಡಿಯಲ್ಲಿ ಕೆಂಪು, ಬಿಳಿ, ಹಸಿರು ಅಂತ ಒಂದು ಡಜನ್ ಬಾಟಲಿ ಕೇಳಿದಾಗ ಅಂಗಡಿಯವರು ನನ್ನ ಬೋಳು ಉಗುರು ನೋಡಿದರು. 'ಮದುವಿ ಐತೇನ್ರಿ ಮನ್ಯಾಗ?' 'ಹೂನ್ರಿ' ಅಂದೆ. ನಿಜ ಹೇಳಿದ್ದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಅಪ್ಪನ ಅಂಗಡಿ ಮುಟ್ಟುತ್ತಿತ್ತು.

ಕೆಲಸ ಸರಳ. ಸಣ್ಣ ಕೋಲಿನ ತುದಿಗೆ ದಾರದ ಕುಣಿಕೆ. ಅದನ್ನು ಓತಿಕ್ಯಾತದ ಕೊರಳಿಗೆ ಮೆಲ್ಲಗೆ ಹಾಕಿ ಎತ್ತೋದು. ಉದ್ದ ಅಳೆದು, ತೂಕ ನೋಡಿ, ಬೆನ್ನ ಮೇಲೆ ಚುಕ್ಕಿ ಇಟ್ಟು ಬಿಡೋದು. ಕುತ್ತಿಗೆಗೆ ಕೆಂಪು, ಸೊಂಟಕ್ಕೆ ಬಿಳಿ ಇದ್ದರೆ ಹದಿನೇಳನೇ ನಂಬರು. ಒಂದೇ ತೊಂದರೆ ಅಂದರೆ, ಪೊರೆ ಬಿಟ್ಟಾಗ ಚುಕ್ಕಿಯೂ ಹೋಗುತ್ತದೆ. ಹೋಗುವ ಮೊದಲು ಗುರುತು ಹಿಡಿದು ಮತ್ತೆ ಹಚ್ಚಬೇಕು. ನಾನೋ ಯೂನಿವರ್ಸಿಟಿಗೂ ಹಳ್ಳಿಗೂ ಓಡಾಡುವವಳು. ತಿಂಗಳಲ್ಲಿ ಏಳೆಂಟು ದಿನ ಅಲ್ಲಿದ್ದರೆ ಹೆಚ್ಚು. ಉಳಿದ ದಿನ ಯಾರು ಹಚ್ಚಬೇಕು?

'ಇಲ್ಲಿ ಕೊಡ್ರಿ' ಅಂದಳು ಹನುಮಕ್ಕ.

ಎರಡೇ ದಿನದಲ್ಲಿ ಕುಣಿಕೆ ಹಾಕೋದನ್ನು ನನಗಿಂತ ಚೆನ್ನಾಗಿ ಕಲಿತಳು. ಕೈ ನಡುಗೋದಿಲ್ಲ. ಚುಕ್ಕಿ ದುಂಡಗೆ, ಕುಂಕುಮ ಇಟ್ಟ ಹಾಗೆ. ಅಂಕಿ ಓದಲು ಬರುತ್ತಿರಲಿಲ್ಲ, ಆದರೆ ಯಾವ ಬಣ್ಣ ಯಾವ ನಂಬರು ಅಂತ ಬಾಯಿಪಾಠ. ಮೊದಮೊದಲು 'ಮೇಡಮ್ಮಾರ' ಅನ್ನುತ್ತಿದ್ದವಳು ಎರಡು ತಿಂಗಳಿಗೆ 'ತಂಗೀ' ಅನ್ನತೊಡಗಿದಳು. ಆಮೇಲೆ ಬೈಯಲೂ ತೊಡಗಿದಳು.

ಹದಿನೇಳು ಕೂರುತ್ತಿದ್ದದ್ದು ಅವಳ ಹೊಲದ ಬದುವಿನ ದೊಡ್ಡ ಕಲ್ಲಿನ ಮೇಲೆ. ಅವಳು ಇಟ್ಟ ಹೆಸರು ಗೌಡ. ಕೂರುವ ಗತ್ತು ಹಾಗೇ ಇತ್ತು. ನನಗೂ ಅವನ ಮೇಲೆ ಪ್ರೀತಿ. ವಿಜ್ಞಾನಿಗೆ ಹೀಗೆಲ್ಲ ಇರಬಾರದಂತೆ. ಇತ್ತು, ಏನು ಮಾಡಲಿ? ಬಸ್ಸಿಳಿದು ಹನುಮಕ್ಕನ ಮನೆ ಬಾಗಿಲಿಗೆ ಬಂದ ಕೂಡಲೇ, ಹೆಗಲ ಚೀಲ ಇಳಿಸುವ ಮೊದಲೇ ಕೇಳುತ್ತಿದ್ದೆ.

'ಹದಿನೇಳು ಅದಾನೇನು?'

'ಅದಾನ.'

ಇಷ್ಟಾದರೆ ನನಗೆ ಸಮಾಧಾನ. ಹೊಲಕ್ಕೆ ಹೊರಡುತ್ತಿದ್ದೆ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಕೂತು ಅವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚುತ್ತಿದ್ದೆ. ಹನುಮಕ್ಕ 'ಮನಿಗಿ ಬಾ, ಬಿಸಿ ರೊಟ್ಟಿ ಐತಿ' ಅಂತ ಕರೆದರೆ 'ಬುತ್ತಿ ಐತಲ್ಲ' ಅನ್ನುತ್ತಿದ್ದೆ. ಸಂಜೆ ಬಸ್ಸಿಗೆ ವಾಪಸ್ಸು.

ಒಂದು ಬೇಸಿಗೆ ಆಯಿತು. ನನ್ನ ಬುಕ್ಕಿನಲ್ಲಿ ನಂಬರುಗಳ ಮುಂದೆ ಒಂದೊಂದಾಗಿ 'ಕಾಣೆ' ಅಂತ ಬೀಳತೊಡಗಿತು. ಹದಿನೇಳು ಮಾತ್ರ ಅದಾನ. ಎರಡನೇ ಬೇಸಿಗೆಗೆ ಉಳಿದವರೆಲ್ಲ ಹೊಸಬರು. ಹದಿನೇಳು ಅದಾನ, ಅದೇ ಕಲ್ಲಿನ ಮೇಲೆ. ಹಿಡಿದು ಅಳೆದರೆ ಹೋದ ವರ್ಷಕ್ಕಿಂತ ಎರಡು ಮಿಲಿಮೀಟರ್ ಗಿಡ್ಡ! ಓತಿಕ್ಯಾತ ಎಲ್ಲಾದರೂ ಗಿಡ್ಡ ಆಗುತ್ತದೆಯೇ? ನನ್ನ ಸ್ಕೇಲಿನ ಮೇಲೆ ಸಂಶಯ ಬಂತು. ನನ್ನ ಕಣ್ಣಿನ ಮೇಲೆ ಸಂಶಯ ಬಂತು. ಓತಿಕ್ಯಾತದ ಮೇಲೆ ಬರಲಿಲ್ಲ. ಗಂಟಲಿನ ನೀಲಿ ಮೊದಲಿಗಿಂತ ಗಾಢವಾಗಿತ್ತು. 'ವಯಸ್ಸಾದಂತೆ ಬಣ್ಣ ಗಾಢವಾಗುತ್ತದೆ' ಅಂತ ಒಂದು ಪ್ಯಾರಾ ಬರೆದೆ. ಎಷ್ಟು ಚೆಂದದ ಪ್ಯಾರಾ ಅಂತೀರಿ!

ಮೂರನೇ ಬೇಸಿಗೆಯೂ ಅದಾನ.

ನಮ್ಮ ಗೈಡ್ ಸರ್ ಕುರ್ಚಿಯಿಂದ ಎದ್ದೇ ಬಿಟ್ಟರು. ಒಂದು ವರ್ಷದ ಪ್ರಾಣಿ ಮೂರು ಬೇಸಿಗೆ ಕಂಡಿದೆ ಅಂದರೆ ಸಣ್ಣ ಮಾತೇ? ಹೊರದೇಶದ ಪತ್ರಿಕೆಯಲ್ಲಿ ಪೇಪರ್ ಬಂತು. ಅದರಲ್ಲಿ ಇನ್ನೂ ಏನೇನೋ ಇತ್ತು, ಯಾರಿಗೂ ನೆನಪಿಲ್ಲ. ನೆನಪಿರೋದು ಹದಿನೇಳು. ನೌಕರಿಯ ಇಂಟರ್‌ವ್ಯೂನಲ್ಲಿ ಕೇಳಿದ್ದೂ ಅದನ್ನೇ. ಆಮೇಲೆ ಕಪ್ಪೆಯ ಮೇಲೆ, ಆಮೆಯ ಮೇಲೆ ಎಷ್ಟು ಬೆವರು ಹರಿಸಿದರೂ ಹೊಸಬರಿಗೆ ನನ್ನನ್ನು ಪರಿಚಯ ಮಾಡಿಸೋದು 'ಹದಿನೇಳನೇ ನಂಬರಿನ ಮೇಡಂ' ಅಂತಲೇ. ಸುಳ್ಳು ಯಾಕೆ, ನನಗೂ ಖುಷಿಯಾಗುತ್ತಿತ್ತು.

ಹೋದ ತಿಂಗಳು ಒಂದು ಕಾಗದ ಬಂತು. ಬೇರೆ ರಾಜ್ಯದ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ಅದೇ ಜಾತಿಯ ಓತಿಕ್ಯಾತವನ್ನು ಎರಡು ವರ್ಷದಿಂದ ನೋಡುತ್ತಿದ್ದಾಳೆ. ಒಂದೂ ಎರಡನೇ ಬೇಸಿಗೆ ಕಂಡಿಲ್ಲ. 'ನಿಮ್ಮ ಪೇಪರ್ ತೋರಿಸಿ, ನೀನು ಸರಿಯಾಗಿ ಹುಡುಕಿಲ್ಲ ಅಂತ ನನ್ನ ಗೈಡ್ ಬೈಯುತ್ತಾರೆ. ನನ್ನ ಕೆಲಸದಲ್ಲಿ ಏನು ತಪ್ಪಿದೆ, ದಯವಿಟ್ಟು ಹೇಳಿ. ಈ ಬೇಸಿಗೆ ನಿಮ್ಮ ಜಾಗ ತೋರಿಸುತ್ತೀರಾ?'

ಪಾಪ ಅನ್ನಿಸಿತು. ಜಾಗ ಇನ್ನೂ ಇದೆಯೋ ಇಲ್ಲವೋ ಒಮ್ಮೆ ನೋಡಿ ಬರೋಣ ಅಂತ ಕಳೆದ ಮಂಗಳವಾರ ಬಸ್ಸು ಹತ್ತಿದೆ. ಹಳ್ಳಿಗೆ ಹೋಗಿ ಆರೇಳು ವರ್ಷವೇ ಆಗಿತ್ತು.

ಹನುಮಕ್ಕನ ಮಗ ಈಗ ಲೈನ್‌ಮನ್. ಮನೆಗೆ ಆರ್‌ಸಿಸಿ ಬಿದ್ದಿದೆ, ಬಾಗಿಲಿಗೆ ಹಸಿರು ಬಣ್ಣ. ಅವ್ವನಿಗೆ ಮಂಡಿ ನೋವು ಅಂತ ಅವನು ಫೋನಿನಲ್ಲಿ ಒಮ್ಮೆ ಹೇಳಿದ್ದ. ಬಾಗಿಲಲ್ಲೇ ಕೇಳಿದೆ.

'ಮಂಡಿ ನೋವು ಹೆಂಗೈತಿ ಹನುಮಕ್ಕ?'

'ಕಡಿಮಿ ಆಗೈತವ್ವ.'

'ಹದಿನೇಳು ಅದಾನೇನು?' ಹಳೆಯ ಚಾಳಿ. ಬಾಯಿಗೆ ಬಂದೇ ಬಿಟ್ಟಿತು.

'ಅದಾನ' ಅಂದು ನಕ್ಕಳು. 'ನೀ ಹೋಗಿ ಹೊಲ ನೋಡಿ ಬಾ. ನಾ ರೊಟ್ಟಿ ಬಡೀತಿರ್ತೀನಿ.'

ಹೊಲ ಇತ್ತು. ಬದು ಇತ್ತು. ದೊಡ್ಡ ಕಲ್ಲಿನ ಮೇಲೆ ಇನ್ಯಾವನೋ ಒಬ್ಬ ಗೌಡ ಗಂಟಲು ಬಿಚ್ಚಿಕೊಂಡು ಕೂತಿದ್ದ. ಮನಸ್ಸಿಗೆ ಹಿತವಾಯಿತು. ಹುಡುಗಿಗೆ 'ಬಾ' ಅಂತ ಬರೆಯೋಣ ಅಂದುಕೊಂಡೆ. ವಾಪಸ್ಸು ಬರುವಷ್ಟರಲ್ಲಿ ಗೊತ್ತಾಯಿತು, ಮಧ್ಯಾಹ್ನದ ಬಸ್ಸು ಎಲ್ಲೋ ಕೆಟ್ಟು ನಿಂತಿದೆಯಂತೆ. ಇನ್ನು ನಾಲ್ಕು ಗಂಟೆಗೇ. ನನ್ನ ಹತ್ತಿರ ಬುತ್ತಿ ಇರಲಿಲ್ಲ. (ಬುತ್ತಿ ಕಟ್ಟುತ್ತಿದ್ದ ಅವ್ವ ತೀರಿಕೊಂಡು ಮೂರು ವರ್ಷ.) ಹೊಟ್ಟೆ ಚುರುಗುಡುತ್ತಿತ್ತು.

'ಉಣ್ತೀಯೇನು?' ಅಂತ ಹನುಮಕ್ಕ ಸುಮ್ಮನೆ ಒಂದು ಮಾತು ಕೇಳಿದಳು. ಬೇಡ ಅನ್ನುತ್ತಾಳೆ ಅಂತ ಗೊತ್ತಿರುವವರು ಕೇಳುವ ಹಾಗೆ.

'ಹಾಕು' ಅಂದೆ.

ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಮೂರು ರೊಟ್ಟಿ ತಿಂದೆ. ಕೈ ತೊಳೆದು ಬಂದೆ. ಹನುಮಕ್ಕ ಗೋಡೆ ಹಿಡಿದು ಮೆಲ್ಲಗೆ ಕೂತು ಎಲೆ ಅಡಿಕೆ ತೆಗೆದಳು.

'ಉಂಡೆಲ್ಲವ್ವ?'

'ಉಂಡೆ.'

'ಹೊಟ್ಟಿ ತುಂಬಿತೇನು?'

'ತುಂಬಿತು.'

'ಹಂಗಾದರ ಈಗ ಹೇಳ್ತೀನಿ ಕೇಳು. ಹದಿನೇಳು ಸತ್ತು ಹೋಗ್ಯಾನ.'

ನಾನು ನಕ್ಕುಬಿಟ್ಟೆ. 'ಗೊತ್ತು ಬಿಡು. ಇಷ್ಟು ವರ್ಷ ಇರ್ತಾನೇನು?'

'ಈಗ ಅಲ್ಲ. ನೀನು ಬಂದ ಮೊದಲನೇ ವರ್ಷನ. ಶೇಂಗಾ ಕೀಳೋ ಮುಂದ.'

 

'ಮತ್ತ ನಾನು ಮುಂದಿನ ವರ್ಷ ಅಳೆದದ್ದು ಯಾರನ್ನ?'

'ಬ್ಯಾರೆ ಗೌಡನ್ನ' ಅಂದಳು, ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ. 'ಕಲ್ಲು ಖಾಲಿ ಇರ್ತತೇನು? ಬೇಲಿ ಬುಡದಾಗ ಒಂದು ಮರಿಗಂಡು ಕಾಯಕೋತ ಕುಂತಿತ್ತು. ಇವನು ಹೋದ ಮೂರು ದಿನಕ್ಕ ಅದು ಬಂದು ಕಲ್ಲು ಹತ್ತಿತು. ನಾನು ಚುಕ್ಕಿ ಇಟ್ಟೆ. ಅವನು ಹೋದ ಮ್ಯಾಲೆ ಮತ್ತೊಬ್ಬ ಬಂದ. ಅವನಿಗೂ ಇಟ್ಟೆ. ಒಟ್ಟು ಮೂವರು.'

ಎರಡು ಮಿಲಿಮೀಟರ್ ಗಿಡ್ಡ ಆಗಿದ್ದು ಯಾಕೆ ಅಂತ ಆಗ ತಿಳಿಯಿತು. ಬಣ್ಣ ಗಾಢವಾಗಿದ್ದೂ. ನನ್ನ ಚೆಂದದ ಪ್ಯಾರಾ!

ಸಿಟ್ಟು ನೆತ್ತಿಗೇರಿತು. ದನಿ ಏರಿಸಿದೆ. 'ಯಾಕ ಹೇಳಲಿಲ್ಲ? ನನ್ನ ಮರ್ಯಾದಿ ಮಣ್ಣುಪಾಲು ಮಾಡಿದೆಲ್ಲ ಹನುಮಕ್ಕ! ಕೇಳಿದಾಗೆಲ್ಲ ಅದಾನ, ಅದಾನ ಅಂದಿ. ಪ್ರತಿ ಸಲ ಕೇಳೀನಿ ನಾನು!'

ಅವಳು ಗಾಬರಿಯಾಗಲಿಲ್ಲ. 'ಹೂಂ, ಕೇಳಿದಿ. ಎಲ್ಲಿ ನಿಂತು ಕೇಳಿದಿ? ಬಾಗಿಲಾಗ. ಬಿಸಲಾಗ ಬಂದಾಕಿ. ಕಾಲು ತೊಳದಿಲ್ಲ, ನೀರು ಕುಡದಿಲ್ಲ, ಒಂದು ತುತ್ತು ಉಂಡಿಲ್ಲ. ಹಂತಾಕಿಗೆ ಬಾಗಿಲಾಗ ಸಾವಿನ ಸುದ್ದಿ ಹೇಳ್ತಾರೇನು? ಒಂಬತ್ತನೇ ನಂಬರು ಸತ್ತಾಗ ಗೊತ್ತಿಲ್ಲದ ಬಾಗಿಲಾಗ ತಂದು ತೋರಿಸಿದೆ. ನೀನು ಅಲ್ಲೇ ಹೊಸ್ತಿಲ ಮ್ಯಾಲೆ ಕುಂತು ಅತ್ತಿ. ಮರತೀಯೇನು? ಅವತ್ತ ಗಲ್ಲ ಬಡಕೊಂಡೆ ನಾನು.'

ಮರೆತಿರಲಿಲ್ಲ. ಮತ್ತೆ ಈ ಪದ್ಧತಿ ನನಗೆ ಹೊಸದೂ ಅಲ್ಲ. ಹರಪನಹಳ್ಳಿಯಲ್ಲಿ ಅಜ್ಜಿ ತೀರಿಕೊಂಡಾಗ ಹಾಸ್ಟೆಲಿನಿಂದ ನನ್ನನ್ನು ಕರೆಸಿದ ಅಪ್ಪ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂರಿಸಿ ಎರಡು ಪ್ಲೇಟ್ ಇಡ್ಲಿ ತಿನ್ನಿಸಿ ಆಮೇಲೆ ಹೇಳಿದ್ದರು. 'ಅಜ್ಜಿ ಹೆಂಗದಾಳ?' ಅಂತ ಇಳಿದ ಕೂಡಲೇ ಕೇಳಿದ್ದೆ. 'ಅದಾಳ' ಅಂದಿದ್ದರು. ನಮ್ಮ ಕಡೆ ಎಲ್ಲರೂ ಹೀಗೇ. ಖಾಲಿ ಹೊಟ್ಟೆಗೆ ಸಾವು ಬಡಿಸೋದಿಲ್ಲ.

ಆದರೂ ನನ್ನ ಸಿಟ್ಟು ಇಳಿಯಲಿಲ್ಲ. 'ಸರಿ, ಬಾಗಿಲಾಗ ಬ್ಯಾಡ. ಉಂಡ ಮ್ಯಾಲೆ ಹೇಳಬೇಕಿತ್ತಲ್ಲ!'

ಹನುಮಕ್ಕ ನನ್ನ ಮುಖ ನೋಡಿದಳು.

'ಯಾವಾಗ ಉಂಡಿ ತಂಗೀ?'



ಮೂರು ವರ್ಷ ಆ ಮನೆಯ ಬಾಗಿಲಿಗೆ ಹೋಗಿದ್ದೇನೆ. ಆ ಮನೆಯಲ್ಲಿ ಉಂಡಿದ್ದು ಒಂದು ದಿನ ಇಲ್ಲ. ನೀರಿಗೂ ನನ್ನದೇ ಬಾಟಲಿ. ಬಸ್ಸಿನ ನೆಪ, ಬುತ್ತಿಯ ನೆಪ. ನೆಪ ಅಂತ ಈಗ ಒಪ್ಪಿಕೊಳ್ಳುತ್ತೇನೆ. ಅವಳ ಕೇರಿ ಬೇರೆ, ನಮ್ಮ ಕೇರಿ ಬೇರೆ ಅನ್ನೋದು ಎಂ.ಎಸ್ಸಿ. ಓದಿದವಳ ಒಳಗೆ ಎಲ್ಲೋ ಕೂತಿತ್ತು. ಯಾರೂ ಉಣ್ಣಬೇಡ ಅಂದಿರಲಿಲ್ಲ. ಅವ್ವ ಬುತ್ತಿ ಕಟ್ಟುತ್ತಿದ್ದಳು, ನಾನು ಒಯ್ಯುತ್ತಿದ್ದೆ, ಮುಗಿಯಿತು. ಹಾವು ಮುಟ್ಟಿದ ಕೈ, ಕಪ್ಪೆ ಮುಟ್ಟಿದ ಕೈ, ಆ ತಾಟಿಗೆ ಹೋಗಲಿಲ್ಲ. ಯಾವ ಪ್ರಾಣಿ ಯಾವ ಪ್ರಾಣಿಯಿಂದ ಬಂತು, ಎಲ್ಲರಿಗೂ ಮೂಲ ಒಂದೇ ಅಂತ ಕ್ಲಾಸಿನಲ್ಲಿ ಪಾಠ ಮಾಡುವ ಬಾಯಿ ಇದು. ನಾಚಿಕೆ ಆಯಿತು. ಆಗಲೇಬೇಕು.

ನಾನು ಉಣ್ಣಲಿಲ್ಲ. ಹಾಗಾಗಿ ಅವಳಿಗೆ ಹೇಳುವ ಹೊತ್ತು ಬರಲಿಲ್ಲ. ಒಮ್ಮೆ ಅದಾನ ಅಂದ ಮೇಲೆ ಆ ಮಾತು ಉಳಿಸಿಕೊಳ್ಳಲು ಚುಕ್ಕಿ ಇಡಬೇಕಾಯಿತು. ಇಷ್ಟೇ ನನ್ನ ಮಹಾ ಸಂಶೋಧನೆ.

ಚೀಲದಿಂದ ಬುಕ್ಕು ತೆಗೆದೆ. 'ಮೂವರೂ ಯಾವಾಗ ಹೋದರು, ಹೇಳ್ತೀಯೇನು?'

ಹೇಳಿದಳು. ಮೊದಲನೆಯವನು ಶೇಂಗಾ ಕೀಳುವಾಗ, ಬಂಡಿ ಗಾಲಿಗೆ ಸಿಕ್ಕು. ಎರಡನೆಯವನನ್ನು ಮರುವರ್ಷ ಗಣಪತಿ ಹಬ್ಬ ಆಗಿ ಎಂಟು ದಿನಕ್ಕೆ ಗಿಡುಗ ಒಯ್ಯಿತು, ಅವಳ ಕಣ್ಣೆದುರೇ. ಮೂರನೆಯವನು ಅದರ ಮುಂದಿನ ವರ್ಷ ದೀಪಾವಳಿಗೆ ಕಲ್ಲಿನ ಕೆಳಗೆ ತಾನಾಗಿ ಸತ್ತು ಬಿದ್ದಿದ್ದ. ಅಷ್ಟೊತ್ತಿಗೆ ನಾನು ಕೆಲಸ ಮುಗಿಸಿ ಹೋಗಿದ್ದೆ. ಯಾರು ಕಲ್ಲು ಹತ್ತಿದರು, ಎಷ್ಟು ದಿನ ಕಾದರು, ಯಾವ ಹೆಣ್ಣು ಎಲ್ಲಿ ಮೊಟ್ಟೆ ಹುಗಿಯಿತು, ಎಲ್ಲ ಹೇಳಿದಳು. ನಾನು ಎರಡು ಹಾಳೆ ತುಂಬ ಬರೆದುಕೊಂಡೆ. ಕೂಡಿಸಿ ನೋಡಿದರೆ ಮೂವರೂ ಬದುಕಿದ್ದು ಸುಮಾರು ಒಂದು ವರ್ಷದ ಮೇಲೆ ಎರಡು ಮೂರು ತಿಂಗಳು. ಆ ಹುಡುಗಿ ಬರೆದದ್ದು ಅದನ್ನೇ. ಸರಿಯಾದ ಉತ್ತರ ಹನ್ನೊಂದು ವರ್ಷದಿಂದ ಈ ಮನೆಯ ಒಳಗೆ ಕೂತಿತ್ತು, ನಾನು ಹೊಸ್ತಿಲಲ್ಲಿ ನಿಂತು ತಪ್ಪು ಉತ್ತರ ಒಯ್ದಿದ್ದೆ.

ಬುಧವಾರ ಗೈಡ್ ಸರ್‌ಗೆ ಫೋನ್ ಮಾಡಿದೆ. ರಿಟೈರ್ ಆಗಿದ್ದಾರೆ. ಎಲ್ಲ ಕೇಳಿ ನಿಟ್ಟುಸಿರು ಬಿಟ್ಟರು.

'ಈಗ್ಯಾಕಮ್ಮಾ ಕೆದಕ್ತೀಯಾ? ಯಾರಿಗೆ ಗೊತ್ತಾಗುತ್ತೆ?'

'ನನಗೆ ಗೊತ್ತಾಗೈತಲ್ಲ ಸರ್.'

'ಪ್ರೊಫೆಸರ್ ಹುದ್ದೆಗೆ ನಿನ್ನ ಹೆಸರು ಹೋಗಿದೆ. ಅದಾದ ಮೇಲೆ ಬರಿ ಬೇಕಾದರೆ.'

ನಿಜ ಹೇಳುತ್ತೇನೆ, ಆ ಮಾತಿಗೆ ಒಂದು ರಾತ್ರಿ ತೂಗಾಡಿದೆ. ಒಂದು ವರ್ಷ ತಡೆದರೆ ಏನಾಗುತ್ತದೆ? ಓತಿಕ್ಯಾತವಂತೂ ಸತ್ತಿದೆ. ಅವಸರ ಯಾರಿಗಿದೆ? ಆ ಹುಡುಗಿಗಿದೆ. ಇಲ್ಲದ ಓತಿಕ್ಯಾತವನ್ನು ಹುಡುಕಿಲ್ಲ ಅಂತ ದಿನಾ ಬೈಸಿಕೊಳ್ಳುತ್ತಿದ್ದಾಳೆ. ನಾನು ಸುಮ್ಮನಿದ್ದಷ್ಟು ದಿನ ಅವಳು ಬಿಸಿಲಲ್ಲಿ.

ಗುರುವಾರ ಬೆಳಿಗ್ಗೆ ಅವಳಿಗೇ ಮೊದಲು ಫೋನ್ ಮಾಡಿದೆ. 'ನಿನ್ನ ಕೆಲಸ ಸರಿಯಿದೆಯಮ್ಮ. ತಪ್ಪು ನಂದು.' ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು. 'ಥ್ಯಾಂಕ್ಸ್ ಮೇಡಂ' ಅಂದಳು. ನನಗೆ ಇದುವರೆಗೆ ಹೊದಿಸಿದ ಎಲ್ಲ ಶಾಲಿಗಿಂತ ಅದು ಭಾರ ಇತ್ತು.

ಸಂಜೆ ಪತ್ರಿಕೆಯ ಸಂಪಾದಕರಿಗೆ ಬರೆದೆ. ಬರೆಯುವ ಮೊದಲು ನನ್ನ ಹಳೆಯ ಪೇಪರ್ ತೆಗೆದು ಓದಿದೆ. 'ಬಣ್ಣವನ್ನು ಆಗಾಗ ಮತ್ತೆ ಹಚ್ಚಲಾಯಿತು' ಅಂತ ಇತ್ತು. ಯಾರು ಹಚ್ಚಿದರು? ಇಲ್ಲ. ಕೊನೆಯಲ್ಲಿ ಧನ್ಯವಾದ ಹೇಳಿದ ಸಾಲಿನಲ್ಲಿ ಸ್ಕೇಲು ಎರವಲು ಕೊಟ್ಟವರ ಹೆಸರೂ ಇದೆ, ಹನುಮಕ್ಕನದಿಲ್ಲ. ತಿದ್ದುಪಡಿಯಲ್ಲಿ ಹಾಕಿದೆ. ಮೂರು ಸಾವುಗಳನ್ನು ಕಂಡವರು, ದಿನ ನೆನಪಿಟ್ಟವರು ಹನುಮಕ್ಕ. ಕೇಳಬೇಕಾದ ಹಾಗೆ ಕೇಳದವಳು ನಾನು. ಪ್ರೊಫೆಸರ್ ಹುದ್ದೆ ಬಂದರೆ ಬರಲಿ, ಹೋದರೆ ಹೋಗಲಿ. (ಹೋದರೆ ಬೇಜಾರಾಗುತ್ತದೆ. ಸನ್ಯಾಸಿ ಅಲ್ಲ ನಾನು.)

ಈ ಐದಾರು ದಿನ ತಲೆಯಲ್ಲಿ ಒಂದೇ ಯೋಚನೆ. ನಾವು ದಿನಾ ಎಷ್ಟು ಬಾಗಿಲುಗಳಲ್ಲಿ ನಿಂತು ಕೇಳುತ್ತೇವೆ! ಹೇಗಿದ್ದೀರಿ? ಆರಾಮ. ಸೊಸೆ ಹೇಗೆ? ಆರಾಮ. ಊರಲ್ಲಿ ಎಲ್ಲಾ? ಆರಾಮ. ಫಾರಂ ಹಿಡಿದು ಮನೆಮನೆಗೆ ಬರುವವರೂ ಬಾಗಿಲಲ್ಲೇ ನಿಂತು ಬರೆದುಕೊಳ್ಳುತ್ತಾರೆ, ಒಂದು ಕಾಲು ಹೊರಗೇ ಇರುತ್ತದೆ. ಅವಸರದ ಪ್ರಶ್ನೆಗೆ ಮರ್ಯಾದೆಯ ಉತ್ತರ. ಅದನ್ನು ನಾವು ನಿಜ ಅಂತ ಬುಕ್ಕಿಗೆ ಇಳಿಸುತ್ತೇವೆ. ಸುಳ್ಳು ಹೇಳಿದವರು ಅವರೋ, ಕೂರದೆ ಹೋದ ನಾವೋ?

ಮೊನ್ನೆ ಭಾನುವಾರ ಮತ್ತೆ ಹಳ್ಳಿಗೆ ಹೋದೆ, ಸಂಪಾದಕರಿಗೆ ಬರೆದದ್ದನ್ನು ಹನುಮಕ್ಕನಿಗೆ ಕನ್ನಡದಲ್ಲಿ ಓದಿ ಹೇಳಲು. ಈ ಸಲ ಬಾಗಿಲಲ್ಲಿ ಏನೂ ಕೇಳಲಿಲ್ಲ.

'ಯಾಕ, ಇವತ್ತ ಬಾಯಿಗೆ ಬೀಗ ಬಿದ್ದೈತೇನು?' ಅಂದಳು.

ಒಳಗೆ ಹೋಗಿ ಕೂತೆ. ಅವಳು ಕೊಟ್ಟ ನೀರು ಕುಡಿದೆ. ಕಾಗದ ಓದಿ ಹೇಳಿದೆ. 'ನನ್ನ ಹೆಸರು ಸರಿ ಬರದೀಯಿಲ್ಲ?' ಅಂತ ಕೇಳಿ, ಎರಡು ಸಲ ಆ ಸಾಲು ಓದಿಸಿಕೊಂಡಳು. ಊಟಕ್ಕೆ ಕೂತೆ. ಎರಡು ರೊಟ್ಟಿ ಹಾಕಿದಳು, ಮೂರನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ. ಕೈ ತೊಳೆದೆ. ಅವಳು ಗೋಡೆ ಹಿಡಿದು ಕೂರುವ ತನಕ ಕಾದೆ. ಆಮೇಲೆ, ಹೋದ ಮಂಗಳವಾರ ಬಾಗಿಲಲ್ಲಿ ನಿಂತು ಕೇಳಿದ್ದನ್ನೇ ಮತ್ತೊಮ್ಮೆ ಕೇಳಿದೆ.

ಹನುಮಕ್ಕನ ಮಂಡಿ ನೋವು ಕಡಿಮೆ ಆಗಿಲ್ಲ.